ಸತ್ತ ನೀರು, ಜೀವದ ನೀರು

ಅಬ್ಬಾನದು ತುಮಕೂರಿನ ಹಳೇ ಪೇಟೆಯಲ್ಲಿ ರದ್ದಿ ಅಂಗಡಿ. ತೊಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ ಯಾರೋ ಒಂದು ಗೋಣಿಚೀಲದ ತುಂಬ ರಷ್ಯಾದ ಪುಸ್ತಕಗಳನ್ನು ತಂದು ತೂಕಕ್ಕೆ ಹಾಕಿ ಹೋದರು. ಎಲ್ಲ ಕನ್ನಡಕ್ಕೆ ತಂದಿದ್ದ ಪುಸ್ತಕಗಳೇ. ಅದಕ್ಕೂ ಮುಂಚೆ ಟೌನ್‌ಹಾಲ್ ಹತ್ತಿರ ವ್ಯಾನಿನಲ್ಲಿ ಜೋಡಿಸಿಟ್ಟು ಅಗ್ಗಕ್ಕೆ ಮಾರುತ್ತಿದ್ದರಲ್ಲ, ಅಂಥವು. ಹಾಳೆ ದಪ್ಪ, ನುಣುಪು. ಪೊಟ್ಟಣ ಕಟ್ಟಲು ಬರುವುದಿಲ್ಲ ಎಂದು ಅಬ್ಬಾ ಅವನ್ನು ಮೂಲೆಗೆ ಹಾಕಿದ್ದರು. ಅದರಲ್ಲಿದ್ದ ಒಂದು ಜನಪದ ಕತೆಗಳ ಪುಸ್ತಕವನ್ನು ನನ್ನ ಆಪಾ ಎತ್ತಿಕೊಂಡು ಬಂದಳು. ಆಪಾ ಎಂದರೆ ನನ್ನ ಅಕ್ಕ, ನನಗಿಂತ ಐದಾರು ವರ್ಷ ದೊಡ್ಡವಳು. ಆಗ ತಾನೇ ಹತ್ತನೇ ಕ್ಲಾಸು ಮುಗಿದು, ಇನ್ನು ಓದಿದ್ದು ಸಾಕು ಎಂದು ಮನೆಯಲ್ಲಿ ಕೂರಿಸಿದ್ದರು.

ಮನೆಯಲ್ಲಿ ಹೆಂಗಸರು ಊದಿನಕಡ್ಡಿ ಹೊಸೆಯುತ್ತಿದ್ದೆವು. ಮಣೆಯ ಮೇಲೆ ಕಪ್ಪು ಮಸಾಲೆಯನ್ನು ಕಡ್ಡಿಗೆ ಸುತ್ತಿ ಅಂಗೈಯಲ್ಲಿ ಉರುಳಿಸುವ ಕೆಲಸ. ಕೈಗೆ ಹತ್ತಿದ ಕಪ್ಪು ಸೋಪಿಗೂ ಬಿಡುತ್ತಿರಲಿಲ್ಲ. ಅಮ್ಮಿ ಮತ್ತು ಆಪಾ ಹೊಸೆಯುವಾಗ ನಾನು ಆ ಪುಸ್ತಕ ಓದಬೇಕು. ಅಮ್ಮಿಗೆ ಕನ್ನಡ ಅಷ್ಟಾಗಿ ಹಿಡಿಯುತ್ತಿರಲಿಲ್ಲ. ಮನೆಯಲ್ಲಿ ಎಲ್ಲರದೂ ಉರ್ದು. ಸರ್ಕಾರಿ ಕನ್ನಡ ಶಾಲೆಗೆ ಹೋಗಿದ್ದ ನಮ್ಮಿಬ್ಬರಿಗೆ ಮಾತ್ರ ಕನ್ನಡ ಗುಟ್ಟಿನ ಭಾಷೆಯಾಗಿತ್ತು. ಬೈಯುವುದು, ನಗುವುದು, ಅಳುವುದು ಎಲ್ಲ ಅದರಲ್ಲೇ.

ಆ ಕತೆಗಳಲ್ಲಿ ಪ್ರತಿ ಮನೆಯ ಒಲೆಯ ಹಿಂದೆ ಒಬ್ಬ ಮುದುಕನಿರುತ್ತಾನೆ. ದೊಮೊವೊಯ್ ಎಂದು ಅವನ ಹೆಸರು. ಕಣ್ಣಿಗೆ ಕಾಣುವುದಿಲ್ಲ. ಮನೆ ಕಾಯುತ್ತಾನೆ, ಮುನಿಸಿಕೊಂಡರೆ ಪಾತ್ರೆ ಬೀಳಿಸುತ್ತಾನೆ, ಲಾಯದಲ್ಲಿ ತನಗೆ ಇಷ್ಟವಾದ ಕುದುರೆಯ ಜೂಲನ್ನು ಹೆಣೆದು ಜಡೆ ಮಾಡಿಡುತ್ತಾನೆ. ಆಪಾ ಅವನನ್ನು ದೊಮ್ಮಜ್ಜ ಎಂದು ಕರೆದು ನಮ್ಮ ಸೌದೆ ಒಲೆಯ ಹಿಂದೆ ಇರಿಸಿಕೊಂಡಳು. ಹಾಲು ಉಕ್ಕಿದರೆ ಅವನ ಕೆಲಸ, ಹಲ್ಲಿ ಲೊಚಗುಟ್ಟಿದರೆ ಅವನ ಮಾತು. ಅಮ್ಮಿ ಇದನ್ನು ಕೇಳಿ, ಮನೆಯೊಳಗೆ ಜಿನ್ನನ್ನು ಕರೆಯುತ್ತೀಯಾ ಎಂದು ಗದರಿದ್ದಳು.

ಆಪಾ ಕಡ್ಡಿ ಹೊಸೆಯುತ್ತಲೇ ಪದ್ಯ ಹೇಳುತ್ತಿದ್ದಳು. ಬರೆದಿಡುತ್ತಿರಲಿಲ್ಲ, ಕೈ ಎರಡೂ ಮಸಾಲೆಯಾಗಿರುತ್ತಿತ್ತು. ಹೇಳಿ ಮರೆತುಬಿಡುವಳು. ನನಗೆ ನೆನಪಿರುವುದು ಕೆಲವೇ.

"ಬೂದಿಯಲ್ಲಿ ಬೆಚ್ಚಗೆ ಮಲಗಿರುವ ಮುದುಕಾ,
ನಮ್ಮ ಮನೆಯಲ್ಲಿ ಕದಿಯಲು ಏನೂ ಇಲ್ಲ.
ಮತ್ತೆ ಏನನ್ನು ಕಾಯ್ತಾ ಇದ್ದೀಯ?"

ಇದನ್ನು ಹೇಳಿ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ವಯಸ್ಸಿಗೇ ಅದು ಏನೋ ಒಂದು ಥರ ಎದೆಗೆ ತಾಕಿತು. "ಆಪಾ, ಇದನ್ನ ಪೇಪರ್‌ಗೆ ಕಳ್ಸೋಣ" ಎಂದೆ.

"ಪೇಪರ್ ಎಲ್ಲಾ ಕೊನೆಗೆ ಬರೋದು ಅಬ್ಬಾನ ಅಂಗಡಿಗೇ ಅಲ್ವೇನೇ? ಬುಡು, ಇಲ್ಲೇ ಇರ್ಲಿ" ಎಂದಳು.

ಅವಳಿಗೆ ಕುಣಿಗಲ್‌ನಿಂದ ಸಂಬಂಧ ಬಂತು. ಹುಡುಗ ಕುದುರೆ ಸಾಕುವ ಕೆಲಸದಲ್ಲಿದ್ದ. ಕುದುರೆ ಎಂದ ಕೂಡಲೇ ಆಪಾ ನನ್ನ ಕಡೆ ನೋಡಿದಳು. ಅವಳು ಒಪ್ಪಿದ್ದು ಆ ಒಂದು ಮಾತಿಗೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಭಾವ ಮೆತ್ತಗಿನ ಮನುಷ್ಯ. ಅವನ ಬಟ್ಟೆಯಿಂದ ಹುಲ್ಲಿನ ವಾಸನೆ ಬರುತ್ತಿತ್ತು. ಕುದುರೆಗಳ ಜೊತೆ ಉರ್ದು, ನಮ್ಮಿಬ್ಬರ ಜೊತೆ ಕನ್ನಡ. ಯಾರ ಜೊತೆಗೂ ದನಿ ಎತ್ತುತ್ತಿರಲಿಲ್ಲ.

ಮದುವೆಯಾದ ಮೊದಲ ವರ್ಷ ರಜೆ ಬಂದಾಗಲೆಲ್ಲ ನಾನು ಬಸ್ಸು ಹತ್ತಿ ಕುಣಿಗಲ್‌ಗೆ ಹೋಗುತ್ತಿದ್ದೆ. ಆಪಾ ದಿನಾ ಬೆಳಿಗ್ಗೆ ಅವನಿಗೆ ಒಂದೇ ಕೆಲಸ ಹೇಳಿ ಕಳಿಸುತ್ತಿದ್ದಳಂತೆ: "ಯಾವುದಾದ್ರೂ ಕುದುರೆ ಜೂಲು ಜಡೆ ಆಗೈತಾ ನೋಡ್ಕೊಂಡ್ ಬನ್ನಿ." ನಾನಿದ್ದಾಗಲೇ ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದವನು ಕೈ ತೊಳೆಯುತ್ತಾ, ಮುಖ ಗಂಭೀರ ಮಾಡಿಕೊಂಡು, "ಇವತ್ತು ಕೆಂದು ಕುದುರೆ ಜೂಲು ಜಡೆ ಹಾಕಿತ್ತು ಕಣೇ. ಮೂರೆಳೆ ಜಡೆ" ಎಂದ.

ಆಪಾ ಅನ್ನದ ಸೌಟು ಹಿಡಿದೇ ನಿಂತಳು. "ನಿಜವಾಗ್ಲೂ?"

"ಅಲ್ಲಾನಾಣೆ ಹಾಕಕ್ಕಾಗಲ್ಲ. ಆದ್ರೆ ಜಡೆ ಮಾತ್ರ ಇತ್ತು."

ಅವನೇ ಹೆಣೆದಿದ್ದಾನೆ ಎಂದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅವತ್ತು ಅವಳು ಅವನ ತಟ್ಟೆಗೆ ಬಡಿಸಿದ ರೀತಿ ನೋಡಿ ನಾನು ಎದ್ದು ಹಿತ್ತಲಿಗೆ ಹೋದೆ. ಅಷ್ಟು ಸುಖವನ್ನು ಹತ್ತಿರದಿಂದ ನೋಡಲು ನಾಚಿಕೆಯಾಯಿತು.

ಅದೇ ಸಲ ಮೂವರೂ ಹುತ್ರಿದುರ್ಗಕ್ಕೆ ಹೋಗಿದ್ದೆವು. ಬೆಟ್ಟ ಇಳಿಯುವಾಗ ಬಂಡೆಗಳ ಮಧ್ಯೆ ದಾರಿ ತಪ್ಪಿತು. ಸುತ್ತಿ ಸುತ್ತಿ ಅದೇ ಹುಣಸೆಮರದ ಹತ್ತಿರ ಬರುತ್ತಿದ್ದೆವು. ಆ ರಷ್ಯಾದ ಕತೆಗಳಲ್ಲಿ ಕಾಡಿಗೂ ಒಬ್ಬ ಯಜಮಾನನಿದ್ದಾನೆ. ಬಂದವರ ದಾರಿ ತಪ್ಪಿಸುವುದೇ ಅವನ ಆಟ. ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡರೆ ಅವನು ಮೋಸಹೋಗಿ ದಾರಿ ಬಿಡುತ್ತಾನೆ. ಆಪಾ ತಕ್ಷಣ ಬುರ್ಖಾ ತೆಗೆದು ತಿರುಗಾ ಮುರುಗಾ ಹಾಕಿಕೊಂಡಳು. ಭಾವ ಸುತ್ತ ಯಾರಿಲ್ಲವೆಂದು ನೋಡಿ ತನ್ನ ಶರ್ಟನ್ನೂ ತಿರುಗಿಸಿ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ದಾರಿ ಸಿಕ್ಕಿತು. ಬಸ್‌ಸ್ಟ್ಯಾಂಡಿನವರೆಗೂ ಮೂವರೂ ನಗುತ್ತಲೇ ಬಂದೆವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರಿಗೆ ಹೆಣ್ಣುಮಗು ಹುಟ್ಟಿತು. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಬಂದ ಮಗು. ಕೂರುವುದನ್ನು ಕಲಿಯುವ ಮೊದಲೇ ಜ್ವರ ಬಂದು ಮಗು ಹೋಗಿಬಿಟ್ಟಿತು. ಬೆಳಿಗ್ಗೆ ಮೈ ಬಿಸಿಯಿತ್ತು, ಸಾಯಂಕಾಲಕ್ಕೆ ಇರಲಿಲ್ಲ. ಇದಕ್ಕಿಂತ ಹೆಚ್ಚಿಗೆ ಬರೆಯಲು ನನಗೆ ಆಗುವುದಿಲ್ಲ.

ಆಪಾ ಅಳಲಿಲ್ಲ. ಅದೇ ಎಲ್ಲರಿಗೂ ಭಯವಾಗಿದ್ದು. ಅಮ್ಮಿ ಅವಳನ್ನು ಸ್ವಲ್ಪ ದಿನಕ್ಕೆಂದು ತುಮಕೂರಿಗೆ ಕರೆತಂದು ನೀರು ತರಿಸತೊಡಗಿದಳು. ಹಜ್‌ಗೆ ಹೋಗಿ ಬಂದವರ ಮನೆಯಿಂದ ಜ಼ಮ್‌ಜ಼ಮ್ ನೀರು, ದರ್ಗಾದ ನೀರು, ಮೌಲ್ವಿಗಳು ದುವಾ ಓದಿ ಊದಿಕೊಟ್ಟ ನೀರು. ಪಕ್ಕದ ಮನೆಯ ಲಿಂಗಾಯತರ ಅಜ್ಜಿ ಮಠದಿಂದ ತೀರ್ಥ ತಂದುಕೊಟ್ಟರು. ಅಮ್ಮಿ ಅದನ್ನೂ ಬೇಡ ಅನ್ನಲಿಲ್ಲ. ಆಪಾ ಕೊಟ್ಟಿದ್ದನ್ನೆಲ್ಲ ಕುಡಿದಳು.

ನಾವಿಬ್ಬರೇ ಇದ್ದಾಗ ಕನ್ನಡದಲ್ಲಿ ಕೇಳಿದಳು: "ಆ ಕತೆ ನೆನಪೈತಾ? ಹುಡುಗನ್ನ ಕತ್ತರಿಸಿ ಹಾಕಿರ್ತಾರಲ್ಲ?"

ನೆನಪಿತ್ತು. ಕಾಗೆ ಎರಡು ಬಗೆಯ ನೀರು ತರುತ್ತದೆ. ಮೊದಲು ಸತ್ತ ನೀರು ಚಿಮುಕಿಸಬೇಕು. ತುಂಡಾದ ಮೈ ಕೂಡಿಕೊಳ್ಳುತ್ತದೆ, ಗಾಯ ಮುಚ್ಚುತ್ತದೆ, ಆದರೆ ಉಸಿರು ಇರುವುದಿಲ್ಲ. ಆಮೇಲೆ ಜೀವದ ನೀರು. ಅದು ಬಿದ್ದ ಮೇಲೇ ಎದ್ದು ಕೂರುವುದು.

"ಇವ್ರೆಲ್ಲಾ ನಂಗೆ ಮೊದಲ್ನೇ ನೀರು ಹಾಕವ್ರೆ. ಮೇಲೆಲ್ಲಾ ಕೂಡ್ಕೊಂಡೈತೆ, ನೋಡು. ಎರಡ್ನೇದು ಯಾರೂ ತಂದಿಲ್ಲ."

ನಾನು ಅವಳ ಹಿಂದೆ ಕೂತೆ. ಅವಳ ತಲೆ ಬಾಚಿ ಜಡೆ ಹಾಕಿದೆ. ಕೂದಲು ಸೀರಣಿಗೆಗೆ ಗೊಂಚಲು ಗೊಂಚಲಾಗಿ ಬಂತು.

ಅವಳು ಕುಣಿಗಲ್‌ಗೆ ಮರಳಿ ಕೆಲವು ತಿಂಗಳಾದ ಮೇಲೆ ಭಾವ ನಮ್ಮ ಬೀದಿಯ ಎಸ್‌ಟಿಡಿ ಬೂತಿಗೆ ಫೋನು ಮಾಡಿ ನನ್ನನ್ನು ಕರೆಸಿದ. ಆಪಾ ಬುರ್ಖಾವನ್ನು ತಿರುಗಾ ಮುರುಗಾ ಹಾಕಿಕೊಂಡು ಕುಣಿಗಲ್ ಬೀದಿಯಲ್ಲಿ ಓಡಾಡುತ್ತಿದ್ದಳಂತೆ. ಹೊಲಿಗೆ, ದಾರ, ಒಳಗಿನ ಲೇಬಲ್ಲು ಎಲ್ಲ ಹೊರಗೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ನಕ್ಕಿದ್ದಾರೆ. ಅತ್ತೆ ಮನೆಯವರು, ಹುಚ್ಚು ಹಿಡಿದಿದೆ, ಕರೆದುಕೊಂಡು ಹೋಗಿ ಎಂದಿದ್ದಾರೆ.

"ಹುಚ್ಚಲ್ಲ ಅಂತ ನಂಗೊಬ್ಬನಿಗೆ ಗೊತ್ತು. ದಾರಿ ಹುಡುಕ್ತಾವ್ಳೆ ಅವ್ಳು. ಇವ್ರಿಗೆ ಹೆಂಗಮ್ಮಾ ಹೇಳ್ಲಿ?" ಎಂದು ಅವನು ಫೋನಿನಲ್ಲೇ ಅತ್ತ.

ಹೀಗೆ ಅವಳು ತುಮಕೂರಿಗೆ ವಾಪಸ್ ಬಂದಳು. ಬೆಂಗಳೂರಿನ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು, ಮೈ ದಪ್ಪವಾಯಿತು, ನಾಲಿಗೆ ತೊದಲಿತು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನಾಗಿ ಏನೂ ಹೇಳುತ್ತಿರಲಿಲ್ಲ. ಕೈ ಮಾತ್ರ ಕಡ್ಡಿ ಹೊಸೆಯುವುದನ್ನು ಮರೆತಿರಲಿಲ್ಲ. ಒಂದು ದಿನ ನಾನು ಅವಳದೇ ದೊಮ್ಮಜ್ಜನ ಪದ್ಯ ಹೇಳಿದೆ, ನೆನಪಾದರೆ ಎದ್ದು ಬಂದಾಳು ಎಂಬ ಆಸೆಯಿಂದ. ಅವಳು ಕೇಳಿಸಿಕೊಂಡು, "ಚೆನ್ನಾಗೈತೆ. ಯಾರ್ದು?" ಎಂದಳು.

"ನಿಂದೇ ಆಪಾ."

"ನಂದಾ?" ಎಂದು ಮಣೆಯ ಕಡೆ ಬಗ್ಗಿದಳು.

ಅಷ್ಟರಲ್ಲಿ ನಾನು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದೆ. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಪದ್ಯ ಕಟ್ಟುವ ಚಟ ನನಗೂ ಹತ್ತಿತ್ತು. ಸ್ಥಳೀಯ ವಾರಪತ್ರಿಕೆಯಲ್ಲಿ ಒಂದೆರಡು ಬಂದವು. ಗುಬ್ಬಿಯಲ್ಲಿ ಒಂದು ಕವಿಗೋಷ್ಠಿಗೆ ಕರೆದರು. ಆಪಾಳನ್ನೂ ಕರೆದುಕೊಂಡು ಹೋದೆ. ಜನ, ಬೆಳಕು, ಮೈಕು ನೋಡಿದರೆ ಅವಳಿಗೆ ಹಿತವಾಗಬಹುದು ಎಂದುಕೊಂಡಿದ್ದೆ.

ಶಾಲೆಯೊಂದರ ಹಾಲ್‌ನಲ್ಲಿ ಗೋಷ್ಠಿ. ಮುಖ್ಯ ಅತಿಥಿ ತಡವಾಗಿ ಬಂದರು. ಹಾರ, ಶಾಲು, ಸ್ವಾಗತ, ಎಲ್ಲ ಮುಗಿದು ನನ್ನ ಸರದಿ ಬರುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ನಾನು ಓದಿದ್ದು ಜೀವದ ನೀರಿನ ಪದ್ಯ. ಅದರ ಕೊನೆ ಹೀಗಿತ್ತು:

"ಹನಿ ತಾಕಿದ ಕಡೆಯೆಲ್ಲ ಚಿಗುರಿತು ಮೈ.
ಮಗು ಕಣ್ಣುಜ್ಜಿಕೊಂಡು ಕೇಳಿತು:
ಅಮ್ಮಾ, ತುಂಬಾ ಹೊತ್ತು ಮಲಗಿಬಿಟ್ಟೆನಾ?"

ಚಪ್ಪಾಳೆ ಬಂತು. ತಲೆ ಎತ್ತಿ ನೋಡಿದರೆ ಆಪಾ ಕೂತಿದ್ದ ಕುರ್ಚಿ ಖಾಲಿ. ಹೊರಗೆ ಓಡಿದೆ. ಗುಬ್ಬಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಯಾರೋ ಹೆಂಗಸು ಕೊಡಿಸಿದ ಟೀ ಆರಿ ಕೆನೆ ಕಟ್ಟಿತ್ತು. ನಾನು ಪಕ್ಕದಲ್ಲಿ ಕೂತೆ. ಬಹಳ ತಿಂಗಳ ಮೇಲೆ ಅವಳು ತಾನಾಗಿ ಮಾತಾಡಿದಳು.

"ನಿನ್ ಪದ್ಯ ಚೆನ್ನಾಗೈತೆ. ಆದ್ರೆ ಅದ್ರಲ್ಲಿ ಎಲ್ಲಾ ವಾಪಸ್ ಬರುತ್ತೆ."

"ಹ್ಞೂಂ."

"ಹಂಗ್ ಬರಲ್ಲ ಕಣೇ."

ಕೋಪವಿರಲಿಲ್ಲ. ಬಸ್ಸು ಇಷ್ಟು ಹೊತ್ತಿಗೆ ಇಲ್ಲ ಎಂದು ಹೇಳುವವರ ಹಾಗೆ ಹೇಳಿದಳು. ಆಮೇಲೆ ನಾನು ಪದ್ಯ ಬರೆಯಲಿಲ್ಲ. ಪ್ರತಿಜ್ಞೆ ಗಿತಿಜ್ಞೆ ಏನಲ್ಲ. ಬಸ್ಸಿನಲ್ಲಿ ಒಂದು ಸಾಲು ಹೊಳೆದರೆ ಅವಳ ಆ ಮಾತು ಜೊತೆಗೇ ಬರುತ್ತಿತ್ತು, ಸಾಲು ಅಲ್ಲೇ ನಿಲ್ಲುತ್ತಿತ್ತು.

ಭಾವ ಬಿಡುವಾದಾಗಲೆಲ್ಲ ಬಂದು ಅವಳ ಪಕ್ಕ ಕೂತು ಹೋಗುತ್ತಿದ್ದ. ಅವನ ಮನೆಯಲ್ಲಿ ಇನ್ನೊಂದು ಮದುವೆಗೆ ಒತ್ತಾಯ ನಡೆದಿತ್ತು. ಒಂದು ಸಲ ಬಂದವನು ಹೊಸಲಿನ ಮೇಲೇ ಕೂತುಬಿಟ್ಟ, ಒಳಗೆ ಬರಲಿಲ್ಲ. ತಲೆ ಬಗ್ಗಿಸಿ ಚಪ್ಪಲಿಯ ಪಟ್ಟಿ ಎಳೆಯುತ್ತಿದ್ದ. ಆಪಾ ಟೀ ತಂದು ಅವನ ಮುಂದಿಟ್ಟು, "ಹುಡುಗಿ ಯಾವೂರು?" ಎಂದಳು.

ಅವನು ತಲೆ ಎತ್ತದೆಯೇ, "ಕೋರ ಹತ್ರ" ಎಂದ.

"ಮಾಡ್ಕೊಳ್ಳಿ. ಚೆನ್ನಾಗ್ ನೋಡ್ಕೊಳ್ಳಿ ಅವ್ಳನ್ನ."

ಅವನು ಟೀ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದ. ಅವನನ್ನು ದ್ವೇಷಿಸಲು ನಾನು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಆಗಿದ್ದರೆ ಸ್ವಲ್ಪ ಸುಲಭವಾಗುತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಆಪಾಗೆ ಕಾಮಾಲೆ ಬಂತು. ಕಣ್ಣು ಹಳದಿಯಾಗಿದ್ದನ್ನು ಅಮ್ಮಿ ಗಮನಿಸುವವರೆಗೂ ಅವಳು ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಅವಳು ಮನೆಗೆ ನಡೆದು ಬರಲಿಲ್ಲ. ಜನಾಜ಼ಾ ಹೊರಟಾಗ ಭಾವ ಬಂದು ಹೆಗಲು ಕೊಟ್ಟ. ನಮ್ಮಲ್ಲಿ ಹೆಂಗಸರು ಕಬರಸ್ಥಾನಕ್ಕೆ ಹೋಗುವುದಿಲ್ಲ. ನಾವು ಬಾಗಿಲಲ್ಲೇ ನಿಂತೆವು.

ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಕೆಲಸಕ್ಕೆ ಹೊರಟವಳು ಕಬರಸ್ಥಾನದ ಗೋಡೆಯ ಹತ್ತಿರ ಹೋದೆ. ಹೊರಗಿನಿಂದಲೇ ಕಾವಲಿನವರನ್ನು ಕೂಗಿ, ಇಂಥ ತಿಂಗಳಲ್ಲಿ ಮಣ್ಣು ಮಾಡಿದ ಇಂಥವರ ಮಗಳದು ಯಾವುದು ಎಂದು ಕೇಳಿದೆ. ಕಲ್ಲು ಹಾಕಿಸಿರಲಿಲ್ಲ. ಅವರು ಕೈ ಅಡ್ಡ ಹಿಡಿದು ನೋಡಿ, "ಆ ಕಡೆ ಎಲ್ಲೋ ಇರ್ಬೇಕಮ್ಮಾ. ಮಳೆಗೆ ಮಣ್ಣು ಕೂತ್ಬುಟ್ಟೈತೆ. ಈಗ ಯಾವುದು ಯಾರ್ದು ಅಂತ ಹೇಳಕ್ಕಾಗಲ್ಲ" ಎಂದರು.

ಅವರು ತೋರಿಸಿದ ಕಡೆ ಎಲ್ಲ ಕಡೆಯೂ ಒಂದೇ ಥರ ಹುಲ್ಲು ಬೆಳೆದಿತ್ತು. ಎಲ್ಲಿ ನೋಡಬೇಕು ಎಂದು ಗೊತ್ತಾಗದೆ ಸುಮ್ಮನೆ ನಿಂತಿದ್ದೆ. ಎರಡನೇ ಶಿಫ್ಟಿಗೆ ಹೊತ್ತಾಗುತ್ತಿತ್ತು. ರಸ್ತೆಗೆ ಬಂದು ಅಂತರಸನಹಳ್ಳಿಯ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ, ನಿಂತೇ ಹೋದೆ.