ಬುರುಲ್ ಎಜೆ ಕೊಟ್ಟ ಬಾತಾ

ಯಾರಾದರೂ 'ಆಗಲ್ಲ' ಎಂದರೆ ಬುರುಲ್ ಎಜೆಗೆ ಕಿವಿ ಮಂದವಾಗುತ್ತಿತ್ತು. 'ಆಗುತ್ತೆ' ಎಂದರೆ ಪಕ್ಕದ ಕೋಣೆಯಿಂದಲೂ ಕೇಳಿಸುತ್ತಿತ್ತು.

ಎಜೆ ಎಂದರೆ ಅಕ್ಕ; ನಾವೆಲ್ಲ ಅವರನ್ನು ಹಾಗೇ ಕರೆಯುವುದು. ನಾರಿನ್ ಕಡೆಯ ಕುರಿಗಾಹಿಯ ಮಗಳು. ಸೋವಿಯತ್ ಕಾಲದಲ್ಲಿ ನಮ್ಮ ಬಿಶ್ಕೆಕ್ ನಗರದ ಹೆಸರು ಇನ್ನೂ ಫ್ರುಂಜೆ ಆಗಿದ್ದಾಗ ಓದಲು ಬಂದು, ಇಲ್ಲೇ ಖಗೋಳಶಾಸ್ತ್ರದ ಮೇಡಂ ಆದರು. ನಮ್ಮ ವಿಶ್ವವಿದ್ಯಾಲಯದ ಕರಗಾಚ್ ಮರಗಳ ನಡುವಿನ ಪುಟ್ಟ ವೀಕ್ಷಣಾಲಯವೇ ಅವರ ತವರುಮನೆ. ಅದರ ಗುಮ್ಮಟವನ್ನು ಇಂದಿಗೂ ಕೈಯಿಂದಲೇ ತಿರುಗಿಸಬೇಕು. ತಿರುಗುವಾಗ ಅದು ಅರಚುವ ಸದ್ದಿಗೆ ಪಕ್ಕದ ಕಟ್ಟಡದಲ್ಲಿ ನನ್ನ ಪಾಠ ನಿಂತುಹೋಗುತ್ತದೆ. ನಾನು ಹಳೆಯ ಕಾವ್ಯದ ಮೇಷ್ಟ್ರು. ಪಾಠ ನಿಂತಿತೆಂದು ಯಾವ ವಿದ್ಯಾರ್ಥಿಯೂ ಈವರೆಗೆ ದೂರು ಕೊಟ್ಟಿಲ್ಲ.

ಸೋವಿಯತ್ ಮುರಿದು ಸಂಬಳ ನಿಂತ ವರ್ಷಗಳಲ್ಲಿ ಜನ ತಾಮ್ರದ ತಂತಿ, ಕೊಳಾಯಿ, ಏನು ಸಿಕ್ಕರೂ ಕಿತ್ತು ಗುಜರಿಗೆ ಹಾಕುತ್ತಿದ್ದರು. ಗುಮ್ಮಟಕ್ಕೆ ಹೊದಿಸಿದ್ದೂ ತಾಮ್ರವೇ. ಎಜೆ ಏಣಿ ಹತ್ತಿ ಅದಕ್ಕೆ ಬೂದುಬಣ್ಣ ಬಳಿದರು. ಕಳ್ಳರು ತಗಡೆಂದುಕೊಂಡು ಮುಂದೆ ಹೋದರು.

ಕಳ್ಳರಿಗಿಂತ ಕುಲಪತಿಗಳು ಗಟ್ಟಿ. ಎರಡು ವರ್ಷದ ಹಿಂದೆ ಕುಲಪತಿಯಾಗಿ ಬಂದ ಎಸೆನ್‌ಬೆಕ್ ಇಡೀ ಅಂಗಳವನ್ನು ಹೊಸದಾಗಿ ಕಟ್ಟಿಸುವ ನಕ್ಷೆ ಹರಡಿದ. ನಡುವೆ ಒಂಬತ್ತು ಅಂತಸ್ತಿನ ಗಾಜಿನ ಕಟ್ಟಡ. ವೀಕ್ಷಣಾಲಯದ ಜಾಗದಲ್ಲಿ ಕಾರು ನಿಲ್ಲಿಸುವ ಚೌಕ.

"ಎಜೆ, ಅದೊಂದು ಹಳೇ ತಗಡಿನ ಡಬ್ಬ" ಎಂದ ಸಭೆಯಲ್ಲಿ.

"ಆ ಡಬ್ಬದಲ್ಲೇ ನಿಂಗೆ ನಾನು ಶನಿಯ ಬಳೆ ತೋರಿಸಿದ್ದು, ಎಸೆನ್. ಆವತ್ತು ಬಾಯಿ ಮುಚ್ಚೋದೇ ಮರೆತಿದ್ದೆ. ಈಗ ಮುಚ್ಚು."

"ದೂರದರ್ಶಕಾನ ಮ್ಯೂಸಿಯಂನಲ್ಲಿ ಇಡ್ತೀವಲ್ಲ, ಗೌರವವಾಗಿ!"

"ನಿನ್ನ ಕಣ್ಣನ್ನೂ ಕಿತ್ತು ಬಟ್ಟಲಲ್ಲಿ ಇಡೋಣ. ಗೌರವವಾಗಿಯೇ."

ಮಾತು ಕೇಳಿ ನಾವೆಲ್ಲ ನಕ್ಕೆವು. ನಕ್ಷೆ ಮಾತ್ರ ಹಾಗೇ ಉಳಿಯಿತು. ನಾವು ಕೊಟ್ಟ ಅರ್ಜಿಗಳು ತಿರುಗಿ ಬಂದವು. ವಸಂತದ ಒಂದು ಬೆಳಗ್ಗೆ ಬುಲ್ಡೋಜರೂ ಬಂತು.

ಕೆಲಸಕ್ಕೆ ಚಾಲನೆ ಕೊಡುವ ಸಮಾರಂಭ. ಕಡಾಯಿಯಲ್ಲಿ ಕುರಿ ಬೇಯುತ್ತಿತ್ತು, ಕರಿದ ಹಿಟ್ಟಿನ ಬೋರ್ಸೋಕ್ ಗುಡ್ಡೆ ಬಿದ್ದಿತ್ತು, ಕುಲಪತಿ ಹೊಸ ಬಿಳಿ ಕಲ್ಪಾಕ್ ಟೋಪಿಯಲ್ಲಿ ಮಿಂಚುತ್ತಿದ್ದ. ಎಜೆ ವೀಕ್ಷಣಾಲಯದ ಬಾಗಿಲಿಗೆ ಅಡ್ಡವಾಗಿ ಸ್ಟೂಲ್ ಹಾಕಿ ಕೂತಿದ್ದರು. ನಾನೂ ಪ್ರತಿಭಟಿಸಿದೆ: ಅವರ ಚಹಾದ ಥರ್ಮಾಸ್ ಹಿಡಿದುಕೊಂಡು, ಮರದ ಹಿಂದೆ.

ಬಾತಾ ಕೊಡಲು, ಅಂದರೆ ಅಂಗೈ ಚಾಚಿ ಕೆಲಸವನ್ನು ಹರಸಲು, ಕರೆಸಿದ್ದ ಹಿರಿಯರಿಗೆ ರಕ್ತದೊತ್ತಡ ಏರಿ ಅವರು ಬರಲಿಲ್ಲ.

"ಪರವಾಗಿಲ್ಲ, ಶುರು ಮಾಡು ಮೆಲಿಸ್" ಎಂದ ಕುಲಪತಿ.

ಬುಲ್ಡೋಜರಿನ ಚಾಲಕ ಮೆಲಿಸ್‌ಗೆ ಅವನಪ್ಪ ಮಾರ್ಕ್ಸ್, ಎಂಗೆಲ್ಸ್, ಲೆನಿನ್, ಸ್ಟಾಲಿನ್‌ರ ಮೊದಲಕ್ಷರ ಕೂಡಿಸಿ ಹೆಸರಿಟ್ಟಿದ್ದ. ಆ ನಾಲ್ವರು ಸೇರಿದರೂ ಅವನಿಂದ ಬಾತಾದ ನಂಬಿಕೆ ಬಿಡಿಸಲು ಆಗಿರಲಿಲ್ಲ.

"ಬಾತಾ ಇಲ್ದೆ ಕೀ ತಿರುಗ್ಸಲ್ಲ, ಬಾಯ್ಕೆ" ಎಂದ ಅವನು, ದೊಡ್ಡ ಮನುಷ್ಯರನ್ನು ಕರೆಯುವಂತೆ. "ನಾನೂ ಮಕ್ಕಳೊಂದಿಗ."

"ಹಾಗಾದ್ರೆ ಇಲ್ಲಿರೋರಲ್ಲಿ ಹಿರಿಯರು ಯಾರಪ್ಪಾ?" ಎಂದ ಕುಲಪತಿ.

ಎಲ್ಲರ ತಲೆಯೂ ಸ್ಟೂಲಿನ ಕಡೆ ತಿರುಗಿತು.

ಕುಲಪತಿಯ ಮುಖ ಅರಳಿತು. ಎಜೆಯೇ ಹರಸಿದ ಫೋಟೋ ಪತ್ರಿಕೆಯಲ್ಲಿ ಬಂದರೆ ಜಗಳವೇ ಮುಗಿಯಿತಲ್ಲ! ಬಾರದ ಹಿರಿಯರಿಗಾಗಿ ತಂದಿದ್ದ ಜರಿಯ ನಿಲುವಂಗಿಯನ್ನು ಅವರ ಹೆಗಲಿಗೆ ತಾನೇ ಹೊದಿಸಿದ.

"ನೀವೇ ಬಾತಾ ಕೊಡಿ, ಎಜೆ."

"ಅದಕ್ಕೇನಂತೆ? ಕೈ ಚಾಚಿ ಎಲ್ಲರೂ."

ಚಾಚಿದೆವು. ತೊಟ್ಟಿಲಿನಿಂದ ಬಂದ ಅಭ್ಯಾಸ. ಕ್ಯಾಮೆರಾದವನು ಕ್ಯಾಮೆರಾ ಕೆಳಗಿಟ್ಟು ಚಾಚಿದ. ನಾನು ಥರ್ಮಾಸನ್ನು ಕಂಕುಳಿಗೆ ಸಿಕ್ಕಿಸಿ ಚಾಚಿದೆ.

"ಈ ಮನೆ ಹೀಗೇ ನಿಂತಿರಲಿ" ಎಂದರು ಎಜೆ, ಇಡೀ ಅಂಗಳಕ್ಕೆ ಕೇಳುವಂತೆ. "ಇದರ ಗುಮ್ಮಟ ತೆರೆದಾಗಲೆಲ್ಲ ಆಕಾಶ ತಿಳಿಯಾಗಿರಲಿ. ಕೆಡವೋಕೆ ಬಂದ ಮಕ್ಕಳು ಹೊಟ್ಟೆ ತುಂಬ ಮಾಂಸ ತಿಂದು, ಕೈಕಾಲು ನೆಟ್ಟಗಿಟ್ಕೊಂಡು ಮನೆ ಸೇರ್ಲಿ. ಓಮಿನ್!"

"ಓಮಿನ್!" ಎಂದೆವು, ಅಂದರೆ ಹಾಗೇ ಆಗಲಿ ಎಂದು ಒಪ್ಪಿದೆವು. ಎಲ್ಲರಿಗಿಂತ ಜೋರಾಗಿ ಕೇಳಿದ್ದು ಕುಲಪತಿಯ ದನಿ. ವಾಡಿಕೆಯಂತೆ ಹಣೆಯಿಂದ ಮುಖ ಸವರಿಕೊಳ್ಳುತ್ತ ಇಳಿದ ಅವನ ಕೈ ಮೂಗಿನ ಹತ್ತಿರ ನಿಂತುಬಿಟ್ಟಿತು.

ಮೆಲಿಸ್ ಕೀ ಕಿತ್ತು ಜೇಬಿಗೆ ಹಾಕಿಕೊಂಡ.

"ಏನೋ ಇದು?"

"ಓಮಿನ್ ಅಂದ್ಬಿಟ್ನಲ್ಲ, ಬಾಯ್ಕೆ. ನೀವೂ ಅಂದ್ರಿ."

"ಅದು ಅಭ್ಯಾಸದಿಂದ ಬಾಯಿಗೆ ಬಂತು ಕಣೋ!"

"ನಂದೂ ಅಭ್ಯಾಸವೇ" ಎಂದು ಮೆಲಿಸ್ ಕುರಿಯ ಕಡೆ ನಡೆದ.

ಬೇರೆ ಚಾಲಕರನ್ನು ಕರೆಸಿದರು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಬಂದವನೊಬ್ಬ, ಯಾರ ಬಾತಾ ಎಂದು ವಿಚಾರಿಸಿ, ಕುದುರೆ ಹಾಲಿನ ಕುಮಿಸ್ ಕುಡಿದು ಹೊರಟುಹೋದ. ಎಜೆಗಿಂತ ಹಿರಿಯರಿಂದ ಬೇರೆ ಬಾತಾ ಕೊಡಿಸೋಣವೆಂದು ತಲಾಸ್‌ನಿಂದ ಒಬ್ಬ ಮುದುಕರನ್ನು ಕಾರಿನಲ್ಲಿ ತಂದರು. ಎಜೆ ಅವರಿಗೆ ಚಹಾ ಕೊಟ್ಟು, ಗುಮ್ಮಟ ಅರಚಿಸಿ ತೆರೆದು, ಹಾಡುಹಗಲಲ್ಲಿ ಶುಕ್ರನನ್ನು ತೋರಿಸಿದರು. ಹೊರಬಂದ ಮುದುಕರು ಕುಲಪತಿಯನ್ನು ಮೇಲಿಂದ ಕೆಳಗೆ ನೋಡಿ, "ಇದನ್ನ ಕೆಡವ್ತೀಯಾ? ನಿಮ್ಮಪ್ಪ ಯಾರಯ್ಯಾ?" ಎಂದರು.

ಕೊನೆಗೆ ಎಸೆನ್‌ಬೆಕ್ ತಾನೇ ಹೊಸ ನಕ್ಷೆ ಹಿಡಿದು ಬಂದ. ಕಾರಿನ ಚೌಕ ಮಾಯವಾಗಿ, ಗಾಜಿನ ಕಟ್ಟಡ ವೀಕ್ಷಣಾಲಯವನ್ನು ಹಾಗೇ ಬಿಟ್ಟು ಅದರ ಹಿಂದಕ್ಕೆ ಸರಿದಿತ್ತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ.

ಎಜೆ ಕನ್ನಡಕ ಏರಿಸಿ ನೋಡಿದರು.

"ದಕ್ಷಿಣಕ್ಕೆ ಒಂಬತ್ತು ಅಂತಸ್ತು ಬಂದ್ರೆ ನನ್ನ ಮಕ್ಕಳು ಗ್ರಹಗಳನ್ನ ಎಲ್ಲಿ ನೋಡ್ಬೇಕು? ಐದು ಅಂತಸ್ತು ಇಳಿಸು."

"ಎಜೆ! ಇದು ಅತಿಯಾಯ್ತು!"

"ಹೌದಾ? ಕೈ ಚಾಚು, ಎಸೆನ್."

ಕುಲಪತಿ ಎರಡೂ ಕೈಗಳನ್ನು ತಟ್ಟನೆ ಪ್ಯಾಂಟಿನ ಜೇಬಿಗೆ ತುರುಕಿಕೊಂಡ.