ಇಮಾಮಸಾಬನ ಮನಿಗಾಡಿ ನಿಂತ ದಿನ

ಶಹಾಬಜಾರದಾಗ ಇಮಾಮುದ್ದೀನ್ ಅಂತ ಕೇಳಿದ್ರ ಯಾವ ಇಮಾಮುದ್ದೀನ್ ಅಂತಾರ. ಮನಿಗಾಡಿ ಇಮಾಮಸಾಬ ಅನ್ರಿ, ಸಣ್ಣ ಕೂಸು ಸುದ್ದಾ ಓಣಿ ತೋರಸ್ತದ. ಸರಕಾರಿ ಬಸ್ ಓಡಿಸಿ ರಿಟೈರ್ ಆದ ಮನುಷ್ಯ. ಹೆಂಡತಿ ಇಮಾಮಬಿಗೆ ಲಕ್ವಾ ಹೊಡೆದು ಎಡಮಗ್ಗಲ ಪೂರಾ ಹೋದ ಮ್ಯಾಲ, ಗುಜರಿಗೆ ಹೋಗೂ ಒಂದು ಹಳೇ ಸಾಲಿ ವ್ಯಾನ್ ತಂದ. ಸೀಟೆಲ್ಲಾ ಕಿತ್ತಿ ಒಗದು ಒಳಗ ಪಲ್ಲಂಗ, ಫ್ಯಾನ್, ಗ್ಯಾಸಿನ ಒಲಿ, ನೀರಿನ ಡ್ರಮ್ಮು ಕೂಡಿಸಿದ. ಕುಂದರಲಾಕ ಬರದಾಕಿ ಮಲಕೊಂಡರ ಊರು ನೋಡಲಿ ಅಂತ. ಓಣಿಯವರು ನಕ್ಕರು. ನಗಲಿ ಬಿಡ್ರಿ. ಹೈದರಾಬಾದಿನ ದವಾಖಾನಿಗೆ ಆಕಿನ್ನ ಅದರಾಗೇ ಎಷ್ಟೋ ಸಲ ಕರಕೊಂಡು ಹೋಗಿ ಬಂದಾನ.

ಗಾಡಿಗೆ ಎರಡು ಬ್ಯಾಟರಿ ಇದ್ದವು. ಒಂದು ಇಂಜಿನ್‌ಗೆ, ಇನ್ನೊಂದು ಒಳಗಿನ ಫ್ಯಾನು ಲೈಟಿಗೆ. ಬ್ಯಾಸಿಗ್ಯಾಗ ಫ್ಯಾನಿನ ಬ್ಯಾಟರಿ ಕೆಟ್ಟಿತು. ಓಣ್ಯಾಗ ಕರೆಂಟ್ ಹೋದಾಗೆಲ್ಲಾ ಇಮಾಮಬಿ ಬೆವರಿ ಒದ್ದಾಡೂದು ನೋಡಲಾರದ ಆತ ಫ್ಯಾನಿನ ವೈರ್ ಇಂಜಿನ್ ಬ್ಯಾಟರಿಗೇ ಜೋಡಿಸಿಬಿಟ್ಟ. ಗಾಡಿ ಎಲ್ಲಿಗೂ ಹೊಂಟಿಲ್ಲಲ್ಲ, ಏನಾಗ್ತದ ಅಂದ. ಏನಾಗಬೇಕೋ ಅದೇ ಆತು.

ಶುಕ್ರವಾರ ಮುಂಜಾನೆ ಕಮಲಾಪುರದಿಂದ ಮೆಹರೀನ್ ಫೋನ್ ಮಾಡಿದಳು. ಇಮಾಮಬಿಯ ಅಕ್ಕ ಆಯೇಶಾನ ಮಗಳು ಆಕಿ; ಇಮಾಮಬಿ ಆಕಿಗೆ ಖಾಲಾ, ಈತ ಖಾಲೂ. ಅಮ್ಮಿ ಹೋದಳು ಖಾಲೂ, ಸಂಜಿ ಮುಂದಿನ ಅಸರ್ ನಮಾಜಿನ ಮ್ಯಾಲ ಮಣ್ಣು ಕೊಡ್ತಾರ, ಖಾಲಾನ್ನ ಕರಕೊಂಡು ಬರ್ರಿ ಅಂದಳು. ತಾಯಿ ಇಲ್ಲದ ಇಮಾಮಬಿನ್ನ ಬೆನ್ನಿಗೆ ಕಟಕೊಂಡು ಸಾಕಿದಾಕಿ ಈ ಆಯೇಶಾ ಆಪಾ. ಇಮಾಮಬಿ ಅಳಲಿಲ್ಲ. ಗಂಡನ ಮಾರಿ ನೋಡಿ, "ಮಣ್ಣು ಕೊಡೂದರೊಳಗ ಆಪಾನ ಮುಖ ಒಂದು ತೋರಸ್ರಿ. ಮತ್ತೇನೂ ಕೇಳಂಗಿಲ್ಲ," ಅಂದಳು.

ಆಕಿನ್ನ ಪಲ್ಲಂಗದ ಮ್ಯಾಲ ಮಲಗಿಸಿ ಚಾವಿ ತಿರುವಿದ. ಟಕ್ ಅಂತು, ಅಷ್ಟೇ. ಶುಕ್ರವಾರ ಅಂದ್ರ ಆ ಓಣ್ಯಾಗ ಬ್ಯಾಟರಿ ಅಂಗಡಿ ಬಂದ್. ಆಂಬ್ಯುಲೆನ್ಸಿನವ ಸತ್ತವರನ್ನ ನೋಡಾಕ ಹೋಗೂದಕ್ಕ ಬರಂಗಿಲ್ಲ ಅಂದ. ಇನ್ನೊಂದು ಗಾಡಿ ಬಾಜೂ ತಂದು ಕರೆಂಟ್ ಕೊಡೋಣಂದ್ರ ಆ ಇಕ್ಕಟ್ಟಿನ ಓಣ್ಯಾಗ ಇದರ ಮಗ್ಗಲ ಸೈಕಲ್ ತೂರಿದ್ರ ಪುಣ್ಯ. ಕಡೀಕ ಮಗ್ಗಲ ಮನಿ ಮೆಕ್ಯಾನಿಕ್ ಬುರ್ಹಾನುದ್ದೀನ್ ಜುಮ್ಮಾ ನಮಾಜು ಮುಗಿಸಿ ಬಂದವರನ್ನೆಲ್ಲಾ ಕೂಡಿಸಿದ. ಟೋಪಿ ಹಾಕ್ಕೊಂಡ ಮಂದಿ ಹಂಗೇ ಕೈ ಹಚ್ಚಿ ಓಣಿ ತುದಿತನಕ ದೂಡಿದ್ರು. ಇಂಜಿನ್ ಕೆಮ್ಮಿ ಕೆಮ್ಮಿ ಹತ್ತಿತು.

"ಚಾಚಾ, ಡೀಜಲ್ ಗಾಡಿ, ಚಾಲೂ ಇರೂತನಕ ಚಿಂತಿಲ್ಲ," ಅಂದ ಬುರ್ಹಾನುದ್ದೀನ್. "ಆದ್ರ ಬ್ಯಾಟರಿ ಸತ್ತದ, ದಾರ್ಯಾಗ ಚಾರ್ಜ್ ಹಿಡಿಯಂಗಿಲ್ಲ. ಕಮಲಾಪುರ ಮುಟ್ಟೂತನಕ ಬಂದ್ ಮಾಡಬ್ಯಾಡ್ರಿ."

ಅರ್ಧ ದಾರಿ ಚಲೋ ಹೋತು. ಹಿಂದಿಂದ ಇಮಾಮಬಿ ದುವಾ ಓದೂದು ಕೇಳಾಕತ್ತಿತ್ತು. ಒಂದು ಊರಿನ ಹತ್ತಿರ ಎದುರಿಗೆ ಹೆಣ ಬಂತು. ಮುಂದ ಹಲಗಿ, ಹಿಂದ ಚುರುಮುರಿ ತೂರಿಕೋತ ಮಂದಿ. ಆತಗ ಬಸ್ ಕಲಿಸಿದ ಉಸ್ತಾದ ಒಂದು ಮಾತು ಹೇಳಿದ್ದ: ಹೆಣ ಯಾವ ಜಾತಿದೇ ಇರಲಿ, ಗಾಡಿ ಬದಿಗೆ ಹಚ್ಚಿ ಇಂಜಿನ್ ಬಂದ್ ಮಾಡು, ಸತ್ತವರ ಮುಂದ ಗದ್ದಲ ಬ್ಯಾಡ. ನೌಕರಿ ಇರೂತನಕ ಹಂಗೇ ನಡಕೊಂಡಾನ. ಇವತ್ತೂ ಗಾಡಿ ಬದಿಗೆ ಹಚ್ಚಿದ, ಇಂಜಿನ್ ಬಂದ್ ಮಾಡಿದ, ಎದಿ ಮ್ಯಾಲ ಕೈ ಇಟಕೊಂಡ.

ದುವಾ ನಿಂತಿತು.

"ಬಂದ್ ಮಾಡಿದ್ರೇನು?" ಇಮಾಮಬಿ ಕೇಳಿದಳು.

ಬುರ್ಹಾನುದ್ದೀನ್ ಹೇಳಿದ್ದು ಇಮಾಮುದ್ದೀನ್‌ಗ ಆಗ ನೆನಪಾತು. ಥೂ ನಿನ್ನ ಕೈ ಸೇದಿ ಹೋಗಲಿ ಅಂತ ತನ್ನ ಕೈಗೆ ತಾನೇ ಬೈಕೊಂಡ. ಚಾವಿ ತಿರುವಿದ, ಟಕ್ಕೂ ಅನ್ನಲಿಲ್ಲ. ಕೆಳಗಿಳಿದು ಕೈ ಮಾಡಿದ. ನಿಂತ ಲಾರಿಯವನ ಹತ್ತಿರ ಕರೆಂಟ್ ಕೊಡೂ ವೈರ್ ಇರಲಿಲ್ಲ. ಬೈಕಿನ ಇಬ್ಬರು ಹುಡುಗರು ದೂಡಿ ಸೋತು ಹೋದ್ರು. ಹೆಣ ಹೊತ್ತವರನ್ನ ಕರಿಯಾಕ ಬಾಯಿ ಹ್ಯಾಂಗ ಬರಬೇಕು ಹೇಳ್ರಿ. ಹೊಲದಾಚೆಯ ಮಸೂತಿಯಿಂದ ಅಸರಿನ ಅಜಾನ್ ಕೇಳಿಸಿತು. ಒಳಗ ಇಮಾಮಬಿ ಖಿಡಕಿ ಕಡೆ ಮಾರಿ ತಿರುವಿ ಸುಮ್ಮನ ಮಲಗಿದ್ದಳು. ಆ ಮಾರಿ ನೋಡೂ ಧೈರ್ಯ ಆತಗ ಆಗಲಿಲ್ಲ.

ಕಡೀಕ ದೂಡಿದವರು ಆ ಹೆಣದ ಮಂದಿನೇ. ಮಣ್ಣು ಮುಗಿಸಿ ತಿರುಗಿ ಬರೂವಾಗ ಹೀಂಗಾಗ್ಯದರಿ ಅಂತ ಇಮಾಮುದ್ದೀನ್ ಅಂದಾಗ, ಎಲ್ಲರೂ ಹೆಗಲು ಹಚ್ಚಿದ್ರು. ಸತ್ತವನ ಮಗನೂ ಹಚ್ಚಿದ.

ಕಮಲಾಪುರ ಮುಟ್ಟಿದಾಗ ಗಂಡಸರು ಕಬರಸ್ತಾನದಿಂದ ತಿರುಗಿ ಬಂದು ಅಂಗಳದಾಗ ಕೈ ತೊಳಕೊಳ್ಳಾಕತ್ತಿದ್ರು. ಮೆಹರೀನ್ ಗಾಡಿಯೊಳಗ ಬಂದು ಖಾಲಾನ ಎದಿ ಮ್ಯಾಲ ಬಿದ್ದು ಅತ್ತಳು. "ಎಷ್ಟು ಹೊತ್ತು ಮುಖ ಮುಚ್ಚಗೊಡಲಿಲ್ಲ ಖಾಲಾ. ಬರ್ತಾಳ ಬರ್ತಾಳ ಅಂದೆ. ಹಿರಿಯರು ಬೈದ್ರು."

"ಮುಖ ಹ್ಯಾಂಗಿತ್ತು ಹೇಳ," ಅಂದಳು ಇಮಾಮಬಿ. ಮೆಹರೀನ್ ಹೇಳಾಕ ಹೋಗಿ ಹೇಳಲಾರದ ಇಳಿದು ಹೋದಳು.

ಇಮಾಮುದ್ದೀನ್ ಪಲ್ಲಂಗದ ಹತ್ತಿರ ಕೆಳಗ ಕುಂತ. ತಪ್ಪಾತು ಅನ್ನಾಕ ಹೊಂಟಿದ್ದ. ಇಮಾಮಬಿನೇ ಮೊದಲ ಮಾತಾಡಿದಳು.

"ನೀವು ಮಾಡಿದ್ದು ತಪ್ಪಲ್ಲ. ಸತ್ತವರಿಗೆ ಅದಬ್, ಮರ್ಯಾದಿ ಕೊಡಬೇಕು. ಆದ್ರ ನಾ ಮಾಫ್ ಮಾಡಂಗಿಲ್ಲರಿ. ಮನಸ್ಸು ಒಲ್ಲೆ ಅಂತದ."

ಆತ ಹೂಂ ಅಂದ. ಆಮ್ಯಾಲ ಆಕಿಗೆ ನೀರಡಿಸಿತು. ಬ್ಯಾರೆ ಯಾರರೆ ಇದ್ದಾರೇನು ಅಂತ ಬಾಗಿಲ ಕಡೆ ನೋಡಿದಳು, ಯಾರೂ ಇರಲಿಲ್ಲ. ಇಮಾಮುದ್ದೀನ್ ದಿನಾ ಎತ್ತಿದಂಗ ಆಕಿಯ ತಲಿ ತನ್ನ ತೋಳಿನ ಮ್ಯಾಲ ಎತ್ತಿ ನೀರು ಕುಡಿಸಿದ. ಕಣ್ಣು ಮುಚ್ಚಿಕೊಂಡೇ ಕುಡಿದಳು.