ರಟ್ಟಿನ ಕೀಬೋರ್ಡು

ನನಗೆ ಕಾಯುವುದು ಬರುವುದಿಲ್ಲ. ಕಲಬುರ್ಗಿಯ ಜಗತ್ ಬಡಾವಣೆಯ ಮನೆಯಿಂದ ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದು ಹುಮನಾಬಾದ ಬಸ್ ಹತ್ತಿದರೆ, ಸೀಟು ಸಿಕ್ಕರೂ ತುದಿಯಲ್ಲೇ ಕೂರುತ್ತಿದ್ದೆ. ಮಹಾಗಾಂವ ಕ್ರಾಸಿನಲ್ಲಿ ಡ್ರೈವರು ಚಹಾಕ್ಕೆ ಇಳಿದರೆ ಮೈಯೆಲ್ಲ ಉರಿಯುತ್ತಿತ್ತು. ನಾಳೆಯಿಂದ ಬಸ್ಸನ್ನು ನೀವೇ ಹೊಡೆಯಿರಿ ಎಂದು ಕಂಡಕ್ಟರ್ ಚೇಷ್ಟೆ ಮಾಡುತ್ತಿದ್ದ. ಇಂಥವಳನ್ನು ಕಮಲಾಪುರದ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹಾಕಿದ್ದರು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಶಾಲೆಗೆ ಆಗಷ್ಟೇ ಕಂಪ್ಯೂಟರುಗಳು ಬಂದಿದ್ದವು.

ಬಂದವು ಅಂದರೆ ಬಂದವು, ಅಷ್ಟೇ. ಹೆಡ್‌ಮಾಸ್ಟರು ಅವಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆಸಿ, ಮೇಲೆ ಗುಲಾಬಿ ಬಣ್ಣದ ಬಟ್ಟೆ ಹೊದಿಸಿ ಕೋಣೆಗೆ ಕೀಲಿ ಜಡಿದರು. ಕೀಲಿಕೈ ಅವರ ಅಂಗಿಯ ಜೇಬಿನಲ್ಲಿ. ಕರೆಂಟ್ ಇದ್ದು, ಅವರೂ ಊರಲ್ಲಿದ್ದು, ಮನಸ್ಸೂ ಚೆನ್ನಾಗಿದ್ದರೆ ಬಾಗಿಲು ತೆರೆಯುತ್ತಿತ್ತು. ಆಗಲೂ ಹುಡುಗರು ಚಪ್ಪಲಿ ಹೊರಗೆ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು ಗೋಡೆಗುಂಟ ನಿಲ್ಲಬೇಕು. ನೋಡಬಹುದು, ಮುಟ್ಟುವಂತಿಲ್ಲ. ನಾನು ಜಗಳಕ್ಕೇ ನಿಂತೆ.

‘ಮುಟ್ಟಿದ್ರ ಕೆಡ್ತಾವ್ರೀ ಟೀಚರ್. ಕೆಟ್ರ ಜವಾಬು ಯಾರ್ ಕೊಡ್ಬೇಕು?’ ಎಂದರು.

ಕೆಟ್ಟ ಮನುಷ್ಯರೇನಲ್ಲ. ಹಿಂದೆ ಯಾವುದೋ ಶಾಲೆಯಲ್ಲಿ ರೇಡಿಯೊ ಕೆಟ್ಟು ಅವರು ಮೇಲಿನವರಿಂದ ಬೈಸಿಕೊಂಡಿದ್ದರಂತೆ. ಅದು ಗೊತ್ತಾದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ.

ಸಿಟ್ಟಿನಲ್ಲೇ ಜಗತ್‌ನ ಅಂಗಡಿಯೊಂದರಿಂದ ಸೀರೆಯ ಡಬ್ಬಿಗಳನ್ನು ಕೇಳಿ ತಂದೆ. ರಟ್ಟು ಕತ್ತರಿಸಿ, ಸ್ಕೆಚ್ ಪೆನ್ನಿನಿಂದ ಇಂಗ್ಲಿಷ್ ಅಕ್ಷರಗಳ ಚೌಕಗಳನ್ನು ನಿಜವಾದ ಕೀಬೋರ್ಡಿನ ಸಾಲಿನಲ್ಲೇ ಬರೆದು ಬೆಂಚಿಗೊಂದು ಕೊಟ್ಟೆ. ರಟ್ಟಿಗೆ ಪರದೆ ಎಲ್ಲಿಂದ ಬರಬೇಕು? ಆ ಕೆಲಸ ನನ್ನ ಬಾಯಿಯದಾಯಿತು. ಒಬ್ಬರು ಒತ್ತಬೇಕು, ಒತ್ತಿದ್ದನ್ನು ನಾನು ಗಟ್ಟಿಯಾಗಿ ಹೇಳಬೇಕು. ತಪ್ಪು ಒತ್ತಿದರೆ ತಪ್ಪನ್ನೇ ಹೇಳುತ್ತಿದ್ದೆ, ಕ್ಲಾಸೆಲ್ಲ ನಗುತ್ತಿತ್ತು. ಮಳೆಗಾಲ ಕಳೆದು ತೊಗರಿ ಹೂ ಬಿಡುವ ಹೊತ್ತಿಗೆ ಅವರ ಬೆರಳು ಎಷ್ಟು ಪಳಗಿದ್ದವೆಂದರೆ ನನ್ನ ಬಾಯಿಗೇ ಪುರಸೊತ್ತಿರಲಿಲ್ಲ.

ಅಷ್ಟರಲ್ಲಿ ಕಲಬುರ್ಗಿಯ ಶಿಕ್ಷಣ ಇಲಾಖೆಯ ಆಫೀಸಿನಿಂದ ಸುದ್ದಿ ಬಂತು. ಸಾಹೇಬರೊಬ್ಬರು ಬರುತ್ತಾರೆ, ಮಕ್ಕಳು ಬಳಸದ ಕಂಪ್ಯೂಟರುಗಳನ್ನು ಸಿಟಿಯ ಶಾಲೆಗೆ ಸಾಗಿಸುತ್ತಾರೆ. ನನ್ನ ನಿದ್ದೆ ಹಾರಿತು. ಒಮ್ಮೆಯಾದರೂ ಮುಟ್ಟಿಸೋಣ ಎಂದು ಹೆಡ್‌ಮಾಸ್ಟರರ ಬೆನ್ನು ಬಿದ್ದೆ. ಅವರಿಗೆ ನನಗಿಂತ ಹೆಚ್ಚು ಗಾಬರಿ. ಸಾಹೇಬರು ಬರುವ ಮೊದಲೇ ಏನಾದರೂ ಕೆಟ್ಟರೆ ಎಂದು ಬಾಗಿಲನ್ನೇ ತೆರೆಯಲಿಲ್ಲ.

ಸಾಹೇಬರು ಬಂದರು. ಬಟ್ಟೆ ಸರಿಸಿ ಕಂಪ್ಯೂಟರ್ ಹಚ್ಚಿದ್ದಾಯಿತು. ಗೋಡೆಗುಂಟ ನಿಂತವರಲ್ಲಿ ಒಬ್ಬ ಹುಡುಗಿಯನ್ನು ಅವರೇ ಕರೆದು, ಊರಿನ ಹೆಸರು ಒತ್ತು ಎಂದರು. ತಾಯಿಯ ಜೊತೆ ಆಗಾಗ ಕಳೆ ತೆಗೆಯಲು ಹೋಗುತ್ತಿದ್ದ, ಮಾತು ಕಡಿಮೆಯ ಹುಡುಗಿ. ರಟ್ಟಿನ ಮೇಲೆ ಅವಳಷ್ಟು ಚುರುಕು ಯಾರೂ ಇರಲಿಲ್ಲ. ನನಗೆ ಜೀವ ಬಂದಂತಾಯಿತು.

ಅವಳು ‘ಕೆ’ ಒತ್ತಿದಳು. ಒತ್ತಿ, ತಿರುಗಿ ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು.

ಪರದೆಯ ಮೇಲೆ ಅಕ್ಷರ ಮೂಡಿತ್ತು. ಅವಳಿಗೆ ಅದು ಬೇಕಾಗಿರಲಿಲ್ಲ, ಅವಳು ನನ್ನ ಬಾಯಿಗಾಗಿ ಕಾಯುತ್ತಿದ್ದಳು. ಹೇಳಿಕೊಡಬೇಡಿ ಎಂದು ಸಾಹೇಬರು ಮೊದಲೇ ತಾಕೀತು ಮಾಡಿದ್ದರು. ನಾನು ಕಣ್ಣಲ್ಲೇ ಪರದೆ ತೋರಿಸಿದೆ, ಅವಳಿಗೆ ತಿಳಿಯಲಿಲ್ಲ. ಬೆರಳು ಹಾಗೇ ನಿಂತಿತು. ಹುಡುಗಿಗೆ ಏನೂ ಬರುವುದಿಲ್ಲವಲ್ಲ ಎಂದರು ಸಾಹೇಬರು. ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಗೋಡೆಯ ಕಡೆಯಿಂದ ಯಾರೋ ‘ಕೆ’ ಎಂದರು. ತಕ್ಷಣ ಅವಳು ‘ಎ’ ಒತ್ತಿದಳು. ಈ ಸಲ ಕ್ಲಾಸೆಲ್ಲ ಸೇರಿ ‘ಎ’ ಎಂದಿತು. ಅವಳು ಒತ್ತಿದಳು, ಅವರು ಕೂಗಿದರು. ಒಂದೂ ತಪ್ಪದೆ ಕಮಲಾಪುರ ಮುಗಿಯಿತು. ಇದೆಂಥ ಪದ್ಧತಿ ಎಂದು ಸಾಹೇಬರು ಕೇಳಿದರು. ನಾನು ರಟ್ಟು ತರಿಸಿ ತೋರಿಸಿದೆ. ಅವರು ಅದನ್ನು ತಿರುಗಿಸಿ ನೋಡಿ, ಹಿಂದಿದ್ದ ಸೀರೆಯ ಚಿತ್ರ ಕಂಡು ನಕ್ಕರು. ಆಮೇಲೆ ಹೆಡ್‌ಮಾಸ್ಟರರ ಕಡೆ ತಿರುಗಿ, ‘ಇಲ್ಲೇ ಇರ್ಲಿ. ಆದ್ರ ಕೀಲಿ ಟೀಚರ್ ಕೈಯಾಗ ಕೊಡ್ರಿ’ ಎಂದು ಜೀಪು ಹತ್ತಿದರು.

ಹುಡುಗಿ ಇನ್ನೂ ಕುರ್ಚಿಯಲ್ಲೇ ಇದ್ದಳು. ಈಗ ಪರದೆ ನೋಡುತ್ತಿದ್ದಳು.

‘ಟೀಚರ್, ನೀವ್ ಅಂದಿದ್ದು ಅಲ್ಲೇ ಹೋಗಿಬಿಡ್ತಿತ್ತು. ಇದು ಹೋಗೇ ಇಲ್ಲ ನೋಡ್ರಿ.’

ನಾವೇ ಅಳಿಸುವ ತನಕ ಇರುತ್ತದೆ ಎಂದೆ. ಅವಳು ಇನ್ನೊಂದು ಅಕ್ಷರ ಒತ್ತಿದಳು. ನನ್ನ ಕಡೆ ತಿರುಗಲಿಲ್ಲ. ತಿಂಗಳುಗಟ್ಟಲೆ ನಾನು ಒದ್ದಾಡಿದ್ದು ಇದಕ್ಕೇ, ಸಂತೋಷವೂ ಆಯಿತು. ಆದರೆ ಆ ಅಕ್ಷರ ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನುಂಗಿಕೊಂಡೆ.